ಹೀಟರ್ ಎಬ್ಬಿಸಿದ ಅಲೆ

ಪ್ರೀತಿಯ ಅಕ್ಕಾ,

ಸಂಶೋಧನಾ ಕೇಂದ್ರಕ್ಕೆ ಬಂದು ತಲುಪಿದ್ದೇನೆ, ಮೂಗು ಮಾತ್ರ ಸೋರುತ್ತಿದೆ. ಕಾರಣ ಕೇಳು.

ಬೆಟ್ಟಕ್ಕೆ ಬಡಿದ ಗಾಳಿ ಮೋಡಗಳಿಗಿಂತ ಎಷ್ಟೋ ಮೇಲೆ ಕೆರೆಯ ನೀರಿನ ಹಾಗೆ ಅಲೆ ಎಬ್ಬಿಸುತ್ತದೆ. ಗುರುತ್ವ ಅಲೆ ಅಂತ ಅದರ ಹೆಸರು. ಆಕಾಶಕ್ಕೆ ಲೇಸರ್ ಬಿಟ್ಟು, ಮರಳಿ ಬಂದ ಬೆಳಕಿನಲ್ಲಿ ಅದನ್ನು ಹುಡುಕುವುದು ನಮ್ಮ ಲೈಡಾರ್ ಯಂತ್ರದ ಕೆಲಸ.

ಮೊನ್ನೆ ಪರದೆಯ ಮೇಲೆ ಎಂಥ ಅಲೆ ಬಂತು ಅಂತೀಯ! ಅಳೆದು ಬರೆದ ಹಾಗೆ ಏರುತ್ತದೆ, ಇಳಿಯುತ್ತದೆ. ನಮ್ಮ ಪ್ರೊಫೆಸರ್ ಕುಣಿದಾಡಿ ಇಡೀ ಕಟ್ಟಡಕ್ಕೆ ಸುದ್ದಿ ಸಾರಿದರು. ನನಗೆ ಒಳಗೊಳಗೇ ಅನುಮಾನ. ಅವರಿಗೆ ಚಳಿ, ಬಂದು ಹೀಟರ್ ಹಾಕುತ್ತಾರೆ. ನಮ್ಮ ಮೆಕ್ಯಾನಿಕ್‌ಗೆ ಸೆಕೆ, ಅವರು ಅತ್ತ ತಿರುಗಿದ ತಕ್ಷಣ ಆರಿಸುತ್ತಾನೆ. ಕೋಣೆ ಕಾದರೆ ಲೇಸರಿನ ಕನ್ನಡಿ ಕೂದಲೆಳೆಯಷ್ಟು ಸರಿಯುತ್ತದೆ, ತಣ್ಣಗಾದರೆ ವಾಪಸ್ಸು ಬರುತ್ತದೆ; ಅದರ ಜೊತೆಗೆ ಯಂತ್ರಕ್ಕೆ ಸಿಗುವ ಬೆಳಕೂ ಏರಿ ಇಳಿಯುತ್ತದೆ. ಅದೇ ಆ ಅಲೆ! ಫ್ಯಾನಿಗಾಗಿ ನೀನೂ ಭಾವನೂ ಕಿತ್ತಾಡುವುದನ್ನು ನೋಡಿ ಪಳಗಿದವಳಲ್ಲವೇ, ಥಟ್ಟನೆ ಹೊಳೆಯಿತು.

"ಸಾರ್, ಅಲೆ ಆಕಾಶದಲ್ಲಿಲ್ಲ, ಈ ಸ್ವಿಚ್ಚಲ್ಲಿದೆ" ಅಂದೆ.

"ನಾನು ಆಗ್ಲೇ ಹೇಳ್ಲಿಲ್ವಾ, ಸೆಕೆ ಅಂತ?" ಅಂದ ಮೆಕ್ಯಾನಿಕ್.

"ಸೆಕೆನಾ? ನನ್ನ ಕೈ ಮುಟ್ಟಿ ನೋಡಯ್ಯಾ!" ಅಂದರು ಪ್ರೊಫೆಸರ್.

ಈಗ ಸ್ವಿಚ್ಚು ನನ್ನ ವಶದಲ್ಲಿದೆ, ಹೀಟರ್ ಆರಿಸಿಯೇ ಇಟ್ಟಿದ್ದೇನೆ. ಒಬ್ಬರು ಕಂಬಳಿ ಹೊದ್ದು, ಇನ್ನೊಬ್ಬ ಬನಿಯನ್ನಿನಲ್ಲಿ, ಮಾತು ಬಿಟ್ಟು ಕೂತಿದ್ದಾರೆ. ನಡುವೆ ಕೂತ ನನಗೆ ನೆಗಡಿ. ಉಣ್ಣೆಯ ಕಾಲುಚೀಲ ಕಳಿಸು.

ಕಾರ್ಡು ತುಂಬಿತು. ನೀವಿಬ್ಬರೂ ಇಲ್ಲಿಗೆ ಬರುವ ಮಾತು ಮಾತ್ರ ಎತ್ತಬೇಡ. ಬಂದರೆ ನಮ್ಮ ಪ್ರೊಫೆಸರ್ ಬಿರುಗಾಳಿಯನ್ನೇ ಕಂಡುಹಿಡಿದಾರು.

ನಿನ್ನ ತಂಗಿ