ಬೆಳ್ಳಿ ಬೀಗ ತೊಡಿಸಿದವಳಿಗೆ

ಮಿಯಾನ್‌ಯಾಂಗ್, ನವೆಂಬರ್ ೧೭

ವೆನ್‌ಜಿನ್,

ಬೆಳಗಿನ ಜಾವ ಮೂರೂಕಾಲು ಗಂಟೆ. ಅತ್ತೆಯ ಕೋಣೆಯಲ್ಲಿ ಚೀಲದ ಜಿಪ್ ಎಳೆದ ಸದ್ದಿಗೆ ಎಚ್ಚರವಾಯಿತು. ಎಚ್ಚರವಾಯಿತು ಅನ್ನುವುದೂ ಸುಳ್ಳೇ, ನಿದ್ದೆ ಬಂದಿದ್ದರೆ ತಾನೆ. ಆ ಚೀಲದೊಳಗೆ ಮಗು ಹೆತಾವನ ಹತ್ತಿಯಂಗಿ, ಹಾಲಿನ ಬಾಟಲಿ, ಅವನು ಕಚ್ಚುವ ಬಟ್ಟೆಯ ಹುಲಿ. ಆರೂವರೆಯ ಬಸ್ಸಿಗೆ ಅತ್ತೆ ನನ್ನ ಐದು ತಿಂಗಳ ಮಗನನ್ನು ಬೆಟ್ಟದ ಊರಿಗೆ ಕರೆದೊಯ್ಯುತ್ತಾರೆ. ಅವರಿಗೆ ದಾರಿ ತೋರಿಸಿದವಳು ನೀನು.

ನಗರದ ಅತ್ತೆ ಸೊಸೆಯರು ಮಗು ಸಾಕುವ ಬಗೆಯನ್ನು ನೋಡಬೇಕು, ಸಂಶೋಧನೆಗೆ ಬೇಕು ಎಂದು ನೀನು ಬಂದಾಗ ನಾನು ಹಸಿ ಬಾಣಂತಿ. ಅತ್ತೆ ಬಾಗಿಲಲ್ಲೇ ತಡೆದಿದ್ದರು. ‘ಹೊರಗಿನೋಳು ತಿಂಗಳೊಳಗೆ ಬಾಣಂತಿ ಕೋಣೆಗೆ ಬರೋ ಹಂಗಿಲ್ಲ. ಹೆರದಿದ್ರೂ ಮಾತು ಕೊಟ್ಟು ಮಗೂಗೆ ಮಾತಿನ ತಾಯಿ ಆಗ್ಬಿಡು, ಆಮೇಲೆ ಯಾವ ಬಾಗ್ಲೂ ನಿಂಗೆ ಮುಚ್ಚಲ್ಲ’ ಅಂದರು. ನೀನು ಒಪ್ಪಿದೆ. ಮೂರನೇ ದಿನದ ಸ್ನಾನವಾದ ಮೇಲೆ ಅವನ ಕೊರಳಿಗೆ, ಆಯುಸ್ಸು ಗಟ್ಟಿಯಾಗಲೆಂದು ಮಾತಿನ ತಾಯಿ ಹಾಕುವ ಬೆಳ್ಳಿ ಬೀಗ ತೊಡಿಸಿದೆ. ಅತ್ತೆ ನಿನ್ನ ಬಟ್ಟಲಿಗೆ ಹಂದಿ ಕಾಲಿನ ಸಾರು ಬಡಿಸಿ, ‘ಓದೀ ಓದೀ ಕಡ್ಡಿ ಆಗಿದೀಯ, ತಿನ್ನೇ ಮಗಳೇ’ ಅಂದರು. ನನ್ನನ್ನು ಅವರು ಮಗಳೇ ಎಂದು ಕರೆದದ್ದಿಲ್ಲ.

ಆ ಕೋಣೆಯಲ್ಲೇ ನಾನು ನಿನಗೆ ಹೇಳಿದ್ದು. ಸ್ನಾನ ಮಾಡಿಸುವಾಗ ಒಮ್ಮೆ, ಈಗ ಕೈ ಬಿಟ್ಟರೆ ಏನಾಗುತ್ತದೆ ಎಂಬ ಯೋಚನೆ ಬಂತು ಎಂದು. ಬಿಡಲಿಲ್ಲ. ಗೆಳತಿಗೆ ಹೇಳಿದ್ದೆ, ನಿನ್ನ ರೆಕಾರ್ಡರಿಗಲ್ಲ.

ಹೋದ ವಾರ ನೀನು ಅತ್ತೆಗೆ ಫೋನ್ ಮಾಡಿ, ಮಗುವಿಗೆ ಸ್ನಾನ ಮಾಡಿಸಲು ಸೊಸೆ ಹೆದರುತ್ತಾಳೆಯೇ ಎಂದು ಕೇಳಿದೆಯಂತೆ. ಒಬ್ಬರ ಮಾತನ್ನು ಇನ್ನೊಬ್ಬರ ಬಾಯಲ್ಲಿ ಪರೀಕ್ಷಿಸುವುದು ನಿಮ್ಮ ಪದ್ಧತಿ, ಗೊತ್ತು. ಮೂರು ಮಕ್ಕಳನ್ನು ಹೆತ್ತ ಹೆಂಗಸಿಗೆ ಪ್ರಶ್ನೆ ಸಾಕು, ಉತ್ತರ ಬೇಕಿಲ್ಲ. ಅಂದಿನಿಂದ ಸ್ನಾನದ ತೊಟ್ಟಿ ಅವರ ಕೋಣೆ ಸೇರಿದೆ. ನನ್ನ ಗಂಡ ಜೆಂಗ್‌ಕಾಯ್, ಹೆಂಡತಿಗೆ ಉಡುಗೊರೆ ಕೊಡುವವನ ಹಾಗೆ, ‘ಎರಡು ವರ್ಷ ಅಮ್ಮನ ಹತ್ರ ಇರ್ಲಿ ಬಿಡು. ನೀನೂ ಆಫೀಸಿಗೆ ಹೋಗು, ಚೆನ್ನಾಗಿ ನಿದ್ದೆ ಮಾಡು’ ಅಂದ. ಎರಡು ವರ್ಷ ಕಳೆದ ಮೇಲೆ ಮಗ ನನ್ನನ್ನು ನೋಡಿ ಯಾರ ಹಿಂದೆ ಅಡಗುತ್ತಾನೆಂದು ಅವನಿಗೆ ತಿಳಿಯದೆ? ಅವನೂ ಹಾಗೆಯೇ ಬೆಳೆದವನು.

ಹೀಗೇಕೆ ಮಾಡಿದೆ ಎಂದು ನಿನ್ನನ್ನು ಕೇಳಿದ್ದಕ್ಕೆ ನೀನು ಬರೆದದ್ದು ಒಂದೇ ಸಾಲು: ಹೆಸರುಗಳನ್ನೆಲ್ಲ ಬದಲಾಯಿಸುತ್ತೇನೆ, ಚಿಂತೆ ಬೇಡ. ಬದಲಾಯಿಸು. ಬಸ್ಸು ಯಾವ ಹೆಸರಿನವಳ ಮಗನನ್ನಾದರೂ ಹತ್ತಿಸಿಕೊಳ್ಳುತ್ತದೆ.

ನಿನ್ನೆ ಊಟಕ್ಕೆ ಕೂತಾಗ ಮಗುವನ್ನು ಒಯ್ಯಬೇಡಿ ಎಂದು ನಾನು ಅತ್ತೆಯ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಂಡು, ‘ನಿನ್ ಮಾತೂ ಬೇಡ, ಅವನ್ ಮಾತೂ ಬೇಡ. ಬೀಗ ಹಾಕಿದೋಳು ಅವಳು, ಅವಳಿಗೆ ಹಕ್ಕಿದೆ. ಅವಳು ಬೇಡ ಅಂದ್ರೆ ಚೀಲ ಬಿಚ್ತೀನಿ’ ಅಂದರು. ನಿನಗೆ ಆ ಬೀಗ ಕೋಣೆಯೊಳಗೆ ಬರುವ ದಾರಿಯಾಗಿತ್ತು. ಅವರಿಗೆ ಅದು ನಂಟು. ಪಾಪ, ಅವರು ಇನ್ನೂ ನಿನ್ನ ಫೋನಿಗೆ ಕಾಯುತ್ತಿದ್ದಾರೆ.

ಆದ್ದರಿಂದ ಅವರಿಗೆ ಫೋನ್ ಮಾಡು, ನನಗಲ್ಲ. ನಾನು ಮೊಬೈಲಿನಲ್ಲಿ ಇದನ್ನು ಬರೆದು ಕಳಿಸಿದೆನೆಂದು ಹೇಳಬೇಡ. ಆವತ್ತು ಬಾಣಂತಿಯ ಬಳಲಿಕೆಯಲ್ಲಿ ಏನೋ ಅಂದಿದ್ದಳು, ಈಗೆಲ್ಲ ಸರಿಹೋಗಿದೆ, ಮಗು ತಾಯಿಯ ಹತ್ತಿರವೇ ಇರಲಿ ಎಂದಷ್ಟು ಹೇಳು.

ಹಾಸ್ಟೆಲ್ ಕೋಣೆಯಲ್ಲಿ ವಯಸ್ಸಿನ ಲೆಕ್ಕಕ್ಕೆ ನಿನ್ನ ಎರಡನೇ ಅಕ್ಕನಾಗಿದ್ದ,
ಪೇಯ್‌ಲಾನ್

ಮರೆತ ಮಾತು: ಸರಿಹೋಗಿದೆ ಎಂದು ಹೇಳಬೇಡ. ಮೊನ್ನೆ ಉಗುರು ಕತ್ತರಿಸುವಾಗ ಆ ಯೋಚನೆ ಮತ್ತೆ ಬಂತು. ಅವನನ್ನು ಹಾಸಿಗೆಯ ಮೇಲಿಟ್ಟು ಹೊರಗೆ ಬಂದು, ಅತ್ತೆಯನ್ನು ನಾನೇ ಕೂಗಿ ಕರೆದೆ. ಅವರು ಓಡಿ ಬಂದರು. ಅವನನ್ನು ಎತ್ತಿಕೊಂಡು, ನನ್ನ ಕೈಗೆ ಬಿಸಿನೀರಿನ ಲೋಟ ಕೊಟ್ಟರು. ಮಗು ಇಲ್ಲೇ ಇರಲಿ ಎಂದಷ್ಟೇ ಹೇಳಿದರೆ ಅವರೊಬ್ಬರೇ ಬಸ್ಸು ಹತ್ತಿಬಿಡುತ್ತಾರೆ. ಅವರೂ ಇಲ್ಲೇ ಇರಲಿ ಎನ್ನು. ಅದನ್ನು ಕೇಳಲು ನನಗೆ ಬಾಯಿಲ್ಲ, ನಿನಗಿದೆ. ಫೋನು ಅವರ ದಿಂಬಿನ ಕೆಳಗೇ ಇರುತ್ತದೆ. ಬೆಳಗಾಗುವುದರೊಳಗೆ ಫೋನ್ ಮಾಡು ವೆನ್‌ಜಿನ್, ನಿನ್ನ ದಮ್ಮಯ್ಯ.