ಹತ್ತು ಎಂದರೆ ಹತ್ತು

೧೭ ಏಪ್ರಿಲ್ ೨೦೨೫, ಬೆಳಗ್ಗೆ ೭
ವ್ಯಾಯಾಮ ಮುಗಿಯಿತು. ಎಡಗೈಯ ಆಸರೆಯಲ್ಲಿ ಬಲಗೈ ಎತ್ತುವುದು — ಹತ್ತು ಬಾರಿ. ಕೈ ತೂಗುಹಾಕಿದ್ದ ಸ್ಲಿಂಗ್ ಕಳಚಿ ಮೂರು ದಿನ. ಭುಜದಲ್ಲಿ ಬೆಳೆದ ಮೂಳೆಯ ಮುಳ್ಳು ಸ್ನಾಯುರಜ್ಜುವಿಗೆ ಉಜ್ಜುತ್ತಿತ್ತಂತೆ. ಆಪರೇಷನ್ ಮಾಡಿ ಮುಳ್ಳನ್ನು ಕೆರೆದು ತೆಗೆದರು, ಹರಿದ ರಜ್ಜುವನ್ನು ಹೊಲಿದರು. ಮುಳ್ಳು ವಯಸ್ಸಿನಿಂದ ಬಂದದ್ದು ಎಂದರು ಡಾಕ್ಟರು. ಮೂವತ್ನಾಲ್ಕು ವರ್ಷ ಬೋರ್ಡಿನ ಮೇಲೆ ಬರೆದದ್ದರಿಂದ, ಎಂದು ತಿದ್ದಿದೆ. ನಕ್ಕರು, ಒಪ್ಪಲಿಲ್ಲ.

೨೨ ಏಪ್ರಿಲ್
ಜೂನ್ ೧೫ಕ್ಕೆ ಗೋವಾದ ಫಾತೋರ್ಡಾದಲ್ಲಿ ನನ್ನ ಭಾನುವಾರದ ಕನ್ನಡ ತರಗತಿ ಮತ್ತೆ ಆರಂಭ. ಕಟ್ಟಡ ಕೆಲಸದ ಹನ್ನೆರಡು ಹೆಂಗಸರು, ಅರ್ಧ ಕಲಿತ ಕಾಗುಣಿತ. ಕೈ ಅಷ್ಟರೊಳಗೆ ಸಿದ್ಧವಾಗಲೇಬೇಕು. ಫಿಸಿಯೋ ನೇತ್ರಾ — ನನ್ನ ಹಳೆಯ ವಿದ್ಯಾರ್ಥಿನಿ — ಹತ್ತು ಬಾರಿ ಎಂದಿದ್ದಾಳೆ. ಮೂವತ್ತು ಮಾಡಿದೆ. ಹೋಮ್‌ವರ್ಕ್ ಹೇಳಿದಷ್ಟೇ ಮಾಡುವವರು ದ್ವಿತೀಯ ದರ್ಜೆಯಲ್ಲಿ ಪಾಸಾಗುತ್ತಾರೆ.

೩ ಮೇ
ಹತ್ತು ದಿನ ಪೆನ್ನು ಹಿಡಿಯಲಾಗಲಿಲ್ಲ. ಭುಜ ಊದಿತ್ತು. ಹೊಲಿಗೆ ಹರಿಯಿತೆಂದೇ ಹೆದರಿದ್ದೆ… ಸ್ಕ್ಯಾನ್ ಆಯಿತು. ಹರಿದಿಲ್ಲ.
“ಮೂವತ್ತು ಮಾಡ್ರಿ ಅಂತ ಯಾರು ಹೇಳ್ಯಾರ್ರಿ ಟೀಚರ್?” ಎಂದಳು ನೇತ್ರಾ.
“ಹೆಚ್ಚು ಅಭ್ಯಾಸ ಮಾಡಿದರೆ ತಪ್ಪೇ?”
“ರಜ್ಜು ಎಲುಬಿಗೆ ಕೂಡಾಕ ಟೈಮ್ ಬೇಕ್ರಿ. ಮುಳ್ಳಿನ ಕಾಟ ಮುಗದೈತಿ. ಈಗ ಉಳದಿದ್ದು ನಿಮ್ಮ ಕಾಟ!”
ನಾಲ್ಕನೆಯ ತರಗತಿಯಲ್ಲಿ ಅವಳಿಗೆ ಐವತ್ತು ಬಾರಿ ಇಂಪೋಸಿಷನ್ ಕೊಟ್ಟಿದ್ದೆ. ಇಂದು ತೀರಿಸಿಕೊಂಡಳು. ಒಂದು ವಾರ ವ್ಯಾಯಾಮ ಬಂದ್. “ಹತ್ತು ಎಂದರೆ ಹತ್ತು” — ಹತ್ತು ಬಾರಿ ಬರೆಯಬೇಕು. ಬರೆದೆ. ಅಕ್ಷರ ದುಂಡಗಿದೆ ಎಂದಳು. ಗೊತ್ತಿದ್ದದ್ದೇ.

೮ ಜೂನ್
ಕೈ ಭುಜದ ಮಟ್ಟಕ್ಕೆ ಬಂದು ನಿಲ್ಲುತ್ತದೆ. “ಬಲ ಬಂದೈತ್ರಿ, ಅಂಜಿಕಿ ಹೋಗಿಲ್ಲ,” ಎನ್ನುತ್ತಾಳೆ ನೇತ್ರಾ. ನಾನು ಅಂಜುವವಳಲ್ಲ. ಆದರೆ ತರಗತಿಯ ಬೋರ್ಡು ಗೋಡೆಯಲ್ಲಿ ಬಹಳ ಎತ್ತರ. ಎದ್ದು ನಿಂತು ದಿನಾಂಕ ಬರೆಯದೆ ಎಂದೂ ಪಾಠ ಆರಂಭಿಸಿದ್ದಿಲ್ಲ. ಅರ್ಧ ಟೀಚರ್ ಆಗಲಾರೆ. ತರಗತಿ ಬಿಟ್ಟುಬಿಡುತ್ತೇನೆ — ಸಂಜೆ ಬಂದ ಲಕ್ಷ್ಮವ್ವನಿಗೆ ಹೇಳಿಯೂ ಬಿಟ್ಟೆ. ಕಾಂಕ್ರೀಟು ಹೊರುವವಳು; ಆ ಹನ್ನೆರಡು ಜನರಲ್ಲಿ ಹಿರಿಯಳು.
“ಕೈ ಎಲ್ಲೀಮಟ ಏರತೈತ್ರಿ ಅಕ್ಕೋರ?”
ತೋರಿಸಿದೆ. ನೆಲದಿಂದ ಅಲ್ಲಿಯವರೆಗೆ ಗೇಣು ಹಾಕಿ ಅಳೆದಳು. ಚಹಾ ಕೂಡ ಕುಡಿಯದೆ ಹೋದಳು.

೧೫ ಜೂನ್, ಭಾನುವಾರ
ಬಿಡುತ್ತೇನೆಂದು ಎಲ್ಲರೆದುರು ಹೇಳಲೆಂದೇ ಹೋದೆ. ಬೋರ್ಡು ನೆಲದ ಕಡೆಗೆ ಮೂರು ಗೇಣು ಬೆಳೆದಿದೆ! ಹಳೆಯ ಬೋರ್ಡಿನ ಕೆಳಗಿನ ಗೋಡೆಗೆ ಹೆಂಗಸರೇ ಸಿಮೆಂಟಿನ ಗಿಲಾವು ಮಾಡಿ, ಕಪ್ಪು ಬಣ್ಣ ಬಳಿದಿದ್ದಾರೆ. ಒಂದು ಮೂಲೆ ಇನ್ನೂ ಹಸಿ.
“ಕೈ ಏರಲಿಲ್ಲಂದ್ರ ಬೋರ್ಡ್ ಇಳಸೂದ್ರಿ,” ಎಂದಳು ಲಕ್ಷ್ಮವ್ವ. “ಅದಕ್ಯಾಕ ಸಾಲಿ ಬಿಡತೀರಿ?”
ಎದೆಯ ಮಟ್ಟದಲ್ಲಿ ದಿನಾಂಕ ಬರೆದೆ. ನಾಚಿಕೆಯಾಗಲಿಲ್ಲ. ಹತ್ತನೆಯ ಸಾಲು ಮುಗಿಯುತ್ತಲೇ ಹಿಂದಿನಿಂದ ಕೂಗು — “ಹತ್ತಾತ್ರಿ, ಚಾಕ್ ಕೆಳಗಿಡ್ರಿ!” ನೇತ್ರಾ ಇವರಿಗೂ ಹೇಳಿಟ್ಟಿದ್ದಾಳೆ.
ಚಾಕ್ ಇಟ್ಟು ಕುಳಿತೆ. ಹನ್ನೊಂದನೆಯ ಸಾಲನ್ನು ಪಕ್ಕದ ಖಾಲಿ ಜಾಗದಲ್ಲಿ ಲಕ್ಷ್ಮವ್ವ ಬರೆದಳು: ತನ್ನ ಹೆಸರು, ಊರು, ಕೆಲಸ. ಒಂದೂ ತಪ್ಪಿಲ್ಲ. ಸಾಲು ಮಾತ್ರ ಏರುತ್ತ ಏರುತ್ತ ಹಳೆಯ ಬೋರ್ಡಿಗೆ ಹತ್ತಿತು. ಸಹಿಸಲಾಗಲಿಲ್ಲ. “ಎಲ್ಲಿಗೆ ಹೊರಟಿತು ಇದು?” ಎಂದು ಎದ್ದುಹೋಗಿ ತೋರಿಸಿದೆ.
“ಅಕ್ಕೋರ… ಕೈ!”
ನೋಡಿಕೊಂಡೆ. ಬೆರಳು ಕೊನೆಯ ಅಕ್ಷರದ ಮೇಲಿತ್ತು. ಭುಜಕ್ಕಿಂತ ಒಂದು ಗೇಣು ಮೇಲೆ. ನೋವು ನೆನಪಿಗೇ ಬಂದಿರಲಿಲ್ಲ.