ಎಕ್ಕಡ ಬಿಡುವ ಬಟನ್

ಫೆಬ್ರವರಿ 3, ಸೋಮವಾರ

ಗೇಮ್ ಕಂಪನಿಯವರು ಬಾಯಿಮಾತಲ್ಲಿ ಒಪ್ಪಿದ್ದು: ಚಿಕ್ಕನಿಂಗಮ್ಮನ ಹೆಸರು ಮೊದಲ ಪರದೆಯಲ್ಲಿ. ಮಾತು ನಮ್ಮ ಕೇರಿಯದೇ. ಮುಗಿಸುವ ಮುಂಚೆ ನಮಗೆ ತೋರಿಸುವುದು. ಬೇಡ ಅಂದದ್ದನ್ನು ತೆಗೆಯುವುದು.

ಆದದ್ದು, ಅವರೇ ಕಳಿಸಿದ ಕಾಗದದ ಪ್ರಕಾರ: ಹೆಸರು ಕೊನೆಯಲ್ಲಿ, ಇಪ್ಪತ್ತು ಹೆಸರುಗಳ ನಡುವೆ. ಮಾತು ಟಿವಿ ಕನ್ನಡ. ತೋರಿಸುವುದು ಮೂರು ಸಲ ಮುಂದಕ್ಕೆ ಹೋಯಿತು.

ಲೈಬ್ರರಿಗೆ ಇನ್ನೂ ಯಾರೂ ಬಂದಿಲ್ಲ. ಪೇಪರ್ ಜೋಡಿಸಿಟ್ಟು ಬರೆಯುತ್ತಿದ್ದೇನೆ. ಚಿಕ್ಕನಿಂಗಮ್ಮ ನಮ್ಮ ಕೇರಿಯ ಸೂಲಗಿತ್ತಿ, ಎಪ್ಪತ್ತರ ಹತ್ತಿರ. ಅವಳ ಬದುಕೇ ಗೇಮು. ಕೇರಿಯಿಂದ ಹೊರಟು, ಚಾವಡಿ ದಾಟಿ, ಮೇಲಿನ ಬೀದಿಯ ಮನೆ ತಲುಪಿ ಹೆರಿಗೆ ಮಾಡಿಸಬೇಕು. ಗಡಿಯಾರ ಓಡುತ್ತಿರುತ್ತದೆ. ಹೋದ ವರ್ಷ ಮೈಸೂರಿಗೆ ಕರೆದೊಯ್ದು, ಮೈಗೆಲ್ಲ ಪಟ್ಟಿ ಕಟ್ಟಿ, ನಡೆಸಿ, ಬಗ್ಗಿಸಿ, ಕೂರಿಸಿ, ಅವಳ ನಡಿಗೆಯನ್ನು ಕಂಪ್ಯೂಟರಿಗೆ ತುಂಬಿಕೊಂಡರು.

ಭಾನುವಾರ ಖಂಡಿತ ತೋರಿಸುತ್ತಾರಂತೆ.

ಫೆಬ್ರವರಿ 9, ಭಾನುವಾರ

ಕೊಳ್ಳೇಗಾಲ. ಬಸ್‌ಸ್ಟ್ಯಾಂಡ್ ಹತ್ತಿರದ ಮಹಡಿ ರೂಮು. ನಾನು, ಚಿಕ್ಕನಿಂಗಮ್ಮ, ಹನೂರಿನಿಂದ ನಮ್ಮ ಸಂಘದ ಶಾಂತರಾಜು. ಅವರ ಕಡೆಯಿಂದ ಮಾಲಿನಿ — ಗೇಮ್ ಕಟ್ಟಿದವಳು, ಚಿಕ್ಕ ವಯಸ್ಸು.

ಚಿಕ್ಕನಿಂಗಮ್ಮನ ಕೈಗೇ ಕೊಟ್ಟರು. ಬಟನ್ ಕಲಿಯಲು ಕಾಲು ಗಂಟೆ.

“ಇವಳ್ಯಾಕವ್ವ ಇಂಗ್ ಕುಂಟ್ತಾಳ?”

“ಅದು ನೀವೇ ಅಜ್ಜಿ,” ಅಂದಳು ಮಾಲಿನಿ.

“ನಾ ಇಷ್ಟ್ ಕುಂಟದಿಲ್ಲ. ಜಾಸ್ತಿ ಮಾಡಿದ್ದರಿ.”

ಎಲ್ಲರೂ ನಕ್ಕೆವು. ಪರದೆಯ ಹೆಂಗಸು ಚಾವಡಿ ಹತ್ತಿರ ಬಂದಳು. ನಿಂತಳು. ಗಡಿಯಾರ ಓಡುತ್ತಿದೆ. ಚಿಕ್ಕನಿಂಗಮ್ಮನ ಬೆರಳು ಬಟನ್‌ಗಳ ಮೇಲೆ ಹುಡುಕಾಡುತ್ತಿದೆ.

“ಮುಂದೆ ಹೋಗಿ ಅಜ್ಜಿ, ದಾರಿ ಖಾಲಿ ಇದೆ.”

“ಎಕ್ಕಡ ಬುಡಕ ಯಾವ ಬಟನ್ ಒತ್ತಬೇಕು ಮಗ?”

ಮಾಲಿನಿಗೆ ಅರ್ಥವಾಗಲಿಲ್ಲ. ನಾನು ಹೇಳಿದೆ: ನಮ್ಮವರು ಚಾವಡಿ ಮುಂದೆ ಎಕ್ಕಡ ಕಾಲಿಂದ ಬಿಟ್ಟು, ಕೈಯಲ್ಲಿ ಹಿಡಿದು ದಾಟಬೇಕಿತ್ತು. ಹೆರಿಗೆಗೆ ಅವರೇ ಕರೆಸಿದ್ದರೂ. ಅವಳ ಕೈ ಒಳಕೋಣೆಗೆ ಬೇಕು, ಕಾಲಿನ ಎಕ್ಕಡ ಬೀದಿಗೂ ಬೇಡ.

“ಬುಡಮ್ಮೋ, ಈಗ ಯಾರ್ ಬುಡುಸ್ತರು?” ಅಂದ ಶಾಂತರಾಜು.

“ಈಗ ಯಾರೂ ಬುಡ್ಸದಿಲ್ಲ ಕನ. ಬುಡಬ್ಯಾಡ ಅಂತವೂ ಯಾರೂ ಏಳ್ನಿಲ್ವಲ್ಲ.”

ನಾನೇ ಹಾಳೆಯ ಮೇಲೆ ಬರೆದುಕೊಟ್ಟೆ — ಎಕ್ಕಡ ಬಿಡುವ ಬಟನ್ ಹಾಕಿ. ಇದ್ದದ್ದು ಇದ್ದ ಹಾಗೆ ತೋರಿಸಿ. ನಮ್ಮಿಬ್ಬರ ಸಹಿ, ಚಿಕ್ಕನಿಂಗಮ್ಮನ ಹೆಬ್ಬೆಟ್ಟು. ಮಾಲಿನಿಯ ಮುಖ ಅರಳಿತು. “ನಮಗೆ ಇದೇ ಬೇಕಿತ್ತು,” ಅಂದಳು. ಅಷ್ಟು ಖುಷಿ ಯಾಕೋ ಗೊತ್ತಾಗಲಿಲ್ಲ ನನಗೆ.

ಫೆಬ್ರವರಿ 10

ಒಳ್ಳೆಯ ಗೇಮ್ ಅಂದರೆ ಯಾವುದು? ಶಾಂತರಾಜುಗೆ ಫೋನಿನಲ್ಲಿ ಕೇಳಿದೆ.

“ಗೆಲ್ಲಂಗಿರಬೇಕು ರೂಪಕ್ಕ. ನಮ್ ಐಕ್ಳು ಸೋಲಕ ಗೇಮ್ ಆಡ್ತವಾ? ಸೋಲು ಮನೇಲೇ ಸಿಕ್ತದ.”

ಸಂಜೆ ನೀರಿನ ಟ್ಯಾಂಕ್ ಹತ್ತಿರ ಚಿಕ್ಕನಿಂಗಮ್ಮನಿಗೂ ಕೇಳಿದೆ. “ಚೌಕಾಬಾರ,” ಅಂದಳು. “ಎಲ್ಲರ್ ಕಾಯ್ಗೂ ಒಂದೇ ದಾರಿ. ಗೌಡ್ನ ಕಾಯಿ ಅಂತ ಕಡೀದೇ ಬುಟ್ಟರಾ?”

ಇಷ್ಟು ವರ್ಷ ಭಾಷಣ ಮಾಡಿದ್ದೇನೆ. ಈ ಮಾತು ನನಗೆ ಹೊಳೆದಿರಲಿಲ್ಲ.

ಫೆಬ್ರವರಿ 27, ಮಧ್ಯಾಹ್ನ 3

ಹೊಸ ವರ್ಷನ್ ಬಂತು. ಲೈಬ್ರರಿ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ.

ಬಟನ್ ಇದೆ. ಒತ್ತಿದರೆ ಹೆಂಗಸು ಬಗ್ಗುತ್ತಾಳೆ, ಎಕ್ಕಡ ಕೈಗೆ ತೆಗೆದುಕೊಳ್ಳುತ್ತಾಳೆ. ಚೆನ್ನಾಗಿ ಮಾಡಿದ್ದಾರೆ. ಆಮೇಲೆ — ಟಿಣ್ ಅಂತ ಗಂಟೆ. ಹಸಿರು ಅಕ್ಷರ: ಮರ್ಯಾದೆ +10.

ಒತ್ತದೆ ನಡೆದರೆ? ಪರದೆ ಕಪ್ಪು. ಮತ್ತೆ ಕೇರಿಯಿಂದ ಶುರು. ಬೇರೆ ದಾರಿಯೇ ಇಲ್ಲ.

ಕೇಳಿದವಳು ನಾನು. ನನ್ನ ಅಕ್ಷರದಲ್ಲೇ ಬರೆದುಕೊಟ್ಟಿದ್ದೇನೆ.

ಫೆಬ್ರವರಿ 28

ಮಾಲಿನಿಗೆ ಫೋನ್. ಕೂಗಾಡಲಿಲ್ಲ.

“ಜನ ಗೇಮ್ ಬಿಟ್ಟು ಹೋಗೋದು ಅಲ್ಲೇ ಜಾಸ್ತಿ ಮೇಡಂ. ಬೇಜಾರಾಗುತ್ತೆ ಅವರಿಗೆ. ಪಾಯಿಂಟ್ ಕೊಟ್ರೆ ಮುಂದೆ ಹೋಗ್ತಾರೆ.”

“ಬೇಜಾರಾಗಬೇಕಾದ ಜಾಗ ಅದು. ಮರ್ಯಾದೆ +10 ಅಂದ್ರಲ್ಲ, ಯಾರಿಗೆ ಸಿಗ್ತದೆ ಆ ಮರ್ಯಾದೆ?”

ಮೇಲಿನವರನ್ನು ಕೇಳುತ್ತೇನೆ ಅಂದಳು.

ತಡೆಯುವವರು ಚಾವಡಿಯವರಾಗಿರಲಿ. ಬೈಯಲಿ, ಅಡ್ಡ ನಿಲ್ಲಲಿ, ಹೊತ್ತು ಹಾಳು ಮಾಡಲಿ. ಮಾಡಿದ್ದಾರೆ, ತೋರಿಸಿ. ಆದರೆ ಆಟವೇ ತಡೆಯಬಾರದು. ಬಗ್ಗಿದವಳಿಗೆ ಬಹುಮಾನ, ಬಗ್ಗದವಳಿಗೆ ಶಿಕ್ಷೆ — ಆಟವೂ ಅವರ ಕಡೆ ಸೇರಿದರೆ ಅದು ಆಟವಲ್ಲ, ಇನ್ನೊಂದು ಚಾವಡಿ. ಒಳ್ಳೆಯ ಗೇಮು ಆಡುವವನ ಕೈಗೆ ಒಂದು ‘ಒಲ್ಲೆ’ ಕೊಡಬೇಕು. ಅದರ ಬೆಲೆಯನ್ನೂ ತೋರಿಸಬೇಕು.

ಮಾರ್ಚ್ 4, ಮಂಗಳವಾರ

ಚಿಕ್ಕನಿಂಗಮ್ಮ ತಾನೇ ಲೈಬ್ರರಿಗೆ ಬಂದಳು. ಮುಚ್ಚಿಡಲು ನೋಡಿದೆ. ಬಿಡಲಿಲ್ಲ. ಆಡಿದಳು.

ಚಾವಡಿ. ನಿಂತಳು. ಬಟನ್ ಯಾವುದು ಅಂತ ತೋರಿಸಿದೆ. ನೋಡಿದಳು. ಒತ್ತಲಿಲ್ಲ. ಎಕ್ಕಡ ಮೆಟ್ಟಿಕೊಂಡೇ ನಡೆದಳು. ಪರದೆ ಕಪ್ಪು. ಮತ್ತೆ ಕೇರಿ.

ಮತ್ತೆ ನಡೆದಳು. ಮತ್ತೆ ಕೇರಿ.

ಹನ್ನೊಂದು ಸಲ. ಪೇಪರ್ ಓದಲು ಬಂದವರು ಓದುವುದು ಬಿಟ್ಟು ಸುತ್ತ ನಿಂತರು. ಒಬ್ಬರೂ ಒತ್ತಜ್ಜಿ ಅನ್ನಲಿಲ್ಲ.

“ಇದು ನನ್ ನಡ್ಗ ಅಲ್ವ ರೂಪ?”

“ಹೂಂ.”

“ನಾ ಒಟ್ಟಪಾಡ್ಗ ಬಗ್ತಿದ್ದಿ ಆಗ. ಒಳಗ ಬಸ್ರಿ ಎಣ್ಣು ಒದ್ದಾಡ್ತಾ ಇತ್ತು, ಜಗಳಕ ನಿಂತ್ರ ಅದು ಸಾಯ್ತಿತ್ತು. ಅದ್ಕ ಬಗ್ತಿದ್ದಿ. ಇವ್ರು ಯಾತಕ ಬಗ್ಗುಸ್ತರು? ನನ್ ನಡ್ಗ ನಂಗ ವಾಪಸ್ ಕೊಡಕೇಳು.”

ಮೈಸೂರಿನಲ್ಲಿ ಅವರ ಪೇಪರಿಗೆ ಹೆಬ್ಬೆಟ್ಟು ಒತ್ತಿದ್ದೀಯಲ್ಲ ಅಂದೆ. ಹೇಗೆ ಬೇಕಾದರೂ ಬಳಸಬಹುದು ಅಂತ ಅದರಲ್ಲಿದೆ ಅಂದೆ.

“ಒತ್ತಿದ್ದು ನಾನು. ಒತ್ತು ಅಂದದ್ದು ನೀನು.”

ನಿಜ.

ಮಾರ್ಚ್ 6, ಗುರುವಾರ

ಕಂಪನಿಗೆ ಪತ್ರ ಹೋಯಿತು. ಪಾಯಿಂಟ್ ತೆಗೆಯಿರಿ. ಒತ್ತದವಳು ಎಷ್ಟೇ ತಡವಾದರೂ ಹೆರಿಗೆಯ ಮನೆ ತಲುಪಲಿ. ಆಗದಿದ್ದರೆ ಚಿಕ್ಕನಿಂಗಮ್ಮನ ನಡಿಗೆಯನ್ನು ಗೇಮಿನಿಂದ ತೆಗೆಯಿರಿ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಬಟನ್ ಕೇಳಿದ್ದು ನಾನು, ಪೂರ್ತಿ ಯೋಚಿಸದೆ ಕೇಳಿದೆ.

ಶಾಂತರಾಜು ಹನೂರಿನಿಂದ ಬಂದು ಸಹಿ ಹಾಕಿದ. “ಗೆಲ್ಲಂಗಿರಬೇಕು ಅಂತ ನಾನೇ ಅಂದಿದ್ದಿ ಕನಕ್ಕ. ಇಂಗ್ ಗೆಲ್ಲದಲ್ಲ.”

ಸಂಜೆ ಮಾಲಿನಿಯ ಮೆಸೇಜು. ಅವರ ಹೆಡ್ ಬರುತ್ತಾರೆ. ಹತ್ತು ನಿಮಿಷ ಕೊಡುತ್ತಾರೆ.

ಚಿಕ್ಕನಿಂಗಮ್ಮನಿಗೆ ಹೇಳಿದೆ. “ನಾ ಮಾತಾಡ್ತೀನಿ. ನೀ ಸುಮ್ಗಿರು,” ಅಂದಳು. ಸುಮ್ಮನಿರುತ್ತೇನೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ.

ಭೇಟಿ: ಭಾನುವಾರ, ಮಾರ್ಚ್ 9. ಕೊಳ್ಳೇಗಾಲ, ಮಹಡಿ ರೂಮು. ಬೆಳಿಗ್ಗೆ ಹನ್ನೊಂದಕ್ಕೆ.